ಹಳೆಯ ಮೌಂಟನ್ ಬೈಕ್ ಕೊಳ್ಳುವ ಮುನ್ನ ಫ್ರೇಮಿನ ಅಳತೆ ನೋಡುವ ಬಗೆ

ಮೈಸೂರಿನ ಸೈಕಲ್ ಅಂಗಡಿಯೊಂದಕ್ಕೆ ಹೋಗಿ ಮೌಂಟನ್ ಬೈಕಿನ ಸೈಜ್ ಎಷ್ಟೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಇಪ್ಪತ್ತಾರು’. ಅದು ಚಕ್ರದ ಅಳತೆ, ಫ್ರೇಮಿನದಲ್ಲ. ನಮ್ಮ ಹಿರಿಯರು ತುಳಿದ ಅಟ್ಲಾಸ್, ಹೀರೋ ಸೈಕಲ್ಲುಗಳ ವಿಷಯದಲ್ಲಿ 22 ಇಂಚು, 24 ಇಂಚು ಎಂದರೆ ಫ್ರೇಮಿನ ಎತ್ತರವೇ ಆಗಿತ್ತು. ಎರಡಕ್ಕೂ ಚಕ್ರ 28 ಇಂಚಿನದೇ. ಮೌಂಟನ್ ಬೈಕ್ ಬಂದ ಮೇಲೆ ವಾಡಿಕೆ ತಿರುಗಿತು. 1980 ಮತ್ತು 1990ರ ದಶಕಗಳಲ್ಲಿ ತಯಾರಾದ ಮೌಂಟನ್ ಬೈಕುಗಳಲ್ಲಿ ಬಹುಪಾಲು 26 ಇಂಚಿನ ಚಕ್ರದವೇ ಆದ್ದರಿಂದ, ಐದಡಿಯ ಹುಡುಗಿಗೂ ಆರಡಿಯ ಗಂಡಸಿಗೂ ಆ ಅಂಕಿ ಒಂದೇ, ಮತ್ತು ಅದರಿಂದ ಇಬ್ಬರಿಗೂ ಏನೂ ತಿಳಿಯುವುದಿಲ್ಲ.

ಇಂತಹ ಹಳೆಯ ಬೈಕುಗಳು ನಮ್ಮ ಕಡೆಗೆ ಬರುವ ದಾರಿಗಳು ಹಲವು. ಹೊರದೇಶದಲ್ಲಿರುವ ನೆಂಟರು ಬರುವಾಗ ಫ್ರೇಮನ್ನು ಬಿಚ್ಚಿ ತರುತ್ತಾರೆ, ಬೆಂಗಳೂರಿನವರು ಜಾಹೀರಾತು ಹಾಕಿ ಮಾರುತ್ತಾರೆ, ಅಪರೂಪಕ್ಕೊಮ್ಮೆ ಗುಜರಿ ಅಂಗಡಿಯಲ್ಲೂ ಸಿಗುತ್ತದೆ. ಹೇಗೆ ಬಂದರೂ ಅದರೊಡನೆ ಅಳತೆಯ ಪಟ್ಟಿ ಬರುವುದಿಲ್ಲ. ಮಾರುವವರು ಹೇಳುವ ಇಂಚಿನ ಲೆಕ್ಕವನ್ನು ನಂಬಿ ಹಣ ಕೊಡುವ ಅಗತ್ಯವೂ ಇಲ್ಲ. ಟೇಪು, ರಸಮಟ್ಟ ಮತ್ತು ಅರ್ಧ ಗಂಟೆಯ ಸಮಯವಿದ್ದರೆ ಅಳೆದು ನಿರ್ಧರಿಸಬಹುದು. ಅಳೆಯುವಾಗ ಮುಖ್ಯವಾಗಿ ನೆನಪಿಡಬೇಕಾದದ್ದು ಇಷ್ಟು: ಸೀಟಿನ ಎತ್ತರವನ್ನು ಒಂದು ಸ್ಪ್ಯಾನರಿನಿಂದ ನಿಮಿಷದಲ್ಲಿ ಬದಲಾಯಿಸಬಹುದು, ಫ್ರೇಮಿನ ಮೇಲಿನ ಬಾರ್ ಎಷ್ಟು ಉದ್ದವಿದೆಯೋ ಅಷ್ಟೇ ಇರುತ್ತದೆ. ಆದ್ದರಿಂದ ಕೊನೆಯ ತೀರ್ಪು ಎತ್ತರದ್ದಲ್ಲ, ಉದ್ದದ್ದು. ಆದರೂ ಎತ್ತರದಿಂದಲೇ ಶುರು ಮಾಡೋಣ. ಏಕೆಂದರೆ ಹೊಂದದ ಫ್ರೇಮುಗಳಲ್ಲಿ ಅರ್ಧದಷ್ಟನ್ನು ಅಲ್ಲೇ ಬಿಟ್ಟುಬಿಡಬಹುದು.

ಮೊದಲು ನಿಮ್ಮ ಕಾಲಿನ ಅಳತೆ

ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಸುಮಾರು 15 ಸೆಂಟಿಮೀಟರ್ ಅಂತರ ಬಿಟ್ಟು ನೆಟ್ಟಗೆ ನಿಂತುಕೊಳ್ಳಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು, ಅದರ ಬೆನ್ನು ಮೇಲೆ ಬರುವಂತೆ, ತೊಡೆಗಳ ನಡುವೆ ಇಟ್ಟುಕೊಂಡು ಸೀಟಿನ ಮೇಲೆ ಕುಳಿತಾಗ ಬೀಳುವಷ್ಟು ಒತ್ತಡ ತಾಗುವವರೆಗೆ ಮೇಲಕ್ಕೆ ಎಳೆಯಿರಿ. ಪುಸ್ತಕ ವಾಲದಂತೆ ರಸಮಟ್ಟ ಇಟ್ಟು ನೋಡಿ, ಅದರ ಮೇಲಂಚು ಗೋಡೆಗೆ ತಾಗುವ ಕಡೆ ಇನ್ನೊಬ್ಬರಿಂದ ಪೆನ್ಸಿಲ್ ಗುರುತು ಹಾಕಿಸಿ, ನೆಲದಿಂದ ಆ ಗುರುತಿನವರೆಗೆ ಅಳೆಯಿರಿ. ಇದೇ ನಿಮ್ಮ ಒಳಗಾಲಿನ ಉದ್ದ. ದರ್ಜಿ ಪ್ಯಾಂಟಿಗೆ ತೆಗೆದುಕೊಳ್ಳುವ ಒಳ ಅಳತೆ ಇದಕ್ಕಿಂತ ಕಡಿಮೆ ಬರುತ್ತದೆ. ಅದನ್ನು ಇಲ್ಲಿ ಬಳಸಬಾರದು. ಒಂದೇ ಎತ್ತರದ ಇಬ್ಬರ ಒಳಗಾಲಿನ ಉದ್ದದಲ್ಲಿ ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸ ಇರುವುದು ಅಪರೂಪವಲ್ಲ. ಆದ್ದರಿಂದ ‘ನಿಮ್ಮ ಎತ್ತರ ಇಷ್ಟಿದ್ದರೆ ಈ ಸೈಜ್’ ಎಂಬ ಪಟ್ಟಿಗಳನ್ನು ಮೊದಲ ಅಂದಾಜಿಗೆ ಮಾತ್ರ ಬಳಸಿ.

ಈ ಅಳತೆಯಿಂದ ಎರಡು ಲೆಕ್ಕಗಳನ್ನು ಮಾಡಬಹುದು. ಸೆಂಟಿಮೀಟರಿನಲ್ಲಿರುವ ಒಳಗಾಲಿನ ಉದ್ದವನ್ನು 0.226ರಿಂದ ಗುಣಿಸಿದರೆ ಮೌಂಟನ್ ಬೈಕಿನ ಫ್ರೇಮ್ ಸೈಜ್ ಇಂಚಿನಲ್ಲಿ ಸಿಗುತ್ತದೆ. 0.883ರಿಂದ ಗುಣಿಸಿದರೆ ಪೆಡಲ್ ಹೊತ್ತ ಕ್ರ್ಯಾಂಕ್ ತಿರುಗುವ ಅಚ್ಚಿನ ನಡುಮಧ್ಯದಿಂದ, ಅಂದರೆ ಮೆಕ್ಯಾನಿಕ್‌ಗಳು ಬಿಬಿ ಎನ್ನುವ ಭಾಗದಿಂದ, ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. ಎರಡನೆಯ ಸೂತ್ರ, ಟೂರ್ ಡಿ ಫ್ರಾನ್ಸನ್ನು 1986, 1989 ಮತ್ತು 1990ರಲ್ಲಿ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅವರ ಹೆಸರಿನೊಂದಿಗೆ ಪ್ರಸಿದ್ಧವಾದದ್ದು. ಅದು ರಸ್ತೆ ಸೈಕಲ್ಲಿನ ಓಟಗಾರರಿಗೆ ಹೊಂದಿದ ಲೆಕ್ಕವಾದ್ದರಿಂದ ಮಣ್ಣಿನ ದಾರಿಯ ಸವಾರಿಗೆ ಬಂದ ಎತ್ತರದಲ್ಲಿ ಒಂದೆರಡು ಸೆಂಟಿಮೀಟರ್ ಇಳಿಸುವುದು ಒಳ್ಳೆಯದು.

ಒಳಗಾಲಿನ ಉದ್ದ 78 ಸೆಂ.ಮೀ. ಇರುವ ಸವಾರರೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೊದಲ ಸೂತ್ರದ ಪ್ರಕಾರ ಅವರ ಫ್ರೇಮ್ 17.6 ಇಂಚು, ಎರಡನೆಯದರ ಪ್ರಕಾರ ಸೀಟಿನ ಎತ್ತರ ಸುಮಾರು 69 ಸೆಂ.ಮೀ. ಹಾಗಾದರೆ 18 ಇಂಚಿನ ಫ್ರೇಮ್ ಕಂಡ ಕೂಡಲೇ ಕೊಳ್ಳಬಹುದೇ ಎಂದರೆ, ಇಲ್ಲ. ಆ 18 ಇಂಚನ್ನು ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂಬುದು ಮೊದಲು ತಿಳಿಯಬೇಕು.

ಅಂಟಿಸಿದ ಅಂಕಿಯೂ ಟೇಪಿನ ಅಂಕಿಯೂ

ಫ್ರೇಮ್ ಸೈಜ್ ಎಂದರೆ ಸೀಟ್ ಟ್ಯೂಬಿನ, ಅಂದರೆ ಬಿಬಿಯಿಂದ ಸೀಟಿನ ಕಡೆಗೆ ಏರುವ ಕೊಳವೆಯ ಉದ್ದ. ಅದನ್ನು ಬಿಬಿಯ ಮಧ್ಯದಿಂದ ಅಳೆಯಲು ಶುರು ಮಾಡುತ್ತಾರೆ ಎಂಬಲ್ಲಿಗೆ ಎಲ್ಲ ಕಂಪನಿಗಳ ಒಮ್ಮತ ಮುಗಿಯುತ್ತದೆ. ಕೆಲವರು ಸೀಟ್ ಟ್ಯೂಬಿನ ತುತ್ತತುದಿಯವರೆಗೆ ಅಳೆದರು, ಕೆಲವರು ಮೇಲಿನ ಬಾರ್ ಸೀಟ್ ಟ್ಯೂಬಿಗೆ ಸೇರುವಲ್ಲಿ ಆ ಬಾರಿನ ಮಧ್ಯದವರೆಗೆ, ಇನ್ನು ಕೆಲವರು ಬಾರಿನ ಮೇಲ್ಮೈವರೆಗೆ. ಒಂದೇ ಫ್ರೇಮು ಒಬ್ಬರ ಲೆಕ್ಕದಲ್ಲಿ 17, ಇನ್ನೊಬ್ಬರ ಲೆಕ್ಕದಲ್ಲಿ 18 ಅಥವಾ ಅದಕ್ಕೂ ಹೆಚ್ಚು ಆಗುತ್ತದೆ. ಸೀಟ್ ಟ್ಯೂಬ್ ಬಾರನ್ನು ದಾಟಿ ಮೇಲಕ್ಕೆ ಚಾಚಿರುವ ಫ್ರೇಮುಗಳಲ್ಲಂತೂ ಅಂತರ ಇನ್ನೂ ದೊಡ್ಡದು. ಆದ್ದರಿಂದ ಸ್ಟಿಕರ್ ಮೇಲಿನ ಅಂಕಿಯನ್ನು ಬರೆದುಕೊಳ್ಳಿ, ಆದರೆ ಟೇಪು ಹಿಡಿದು ಎರಡನ್ನೂ ಅಳೆಯಿರಿ: ಬಿಬಿ ಮಧ್ಯದಿಂದ ಬಾರಿನ ಮಧ್ಯದವರೆಗೆ ಒಂದು, ಸೀಟ್ ಟ್ಯೂಬಿನ ತುದಿಯವರೆಗೆ ಇನ್ನೊಂದು. ದೂರದ ಊರಿನಿಂದ ಕೊಳ್ಳುವವರು ಟೇಪು ಹಿಡಿದಿರುವ ಫೋಟೊವನ್ನೇ ಕೇಳಬೇಕು. ಬರೀ ಬಾಯಿಮಾತಿನ ಅಂಕಿ ಸಾಲದು.

ತಯಾರಾದ ಕಾಲವನ್ನೂ ಗಮನಿಸಬೇಕು, ಏಕೆಂದರೆ 1980 ಮತ್ತು 1990ರ ದಶಕಗಳಲ್ಲಿ ಫ್ರೇಮಿನ ಆಕಾರವೇ ಬದಲಾಯಿತು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೆಯ ಶ್ವಿನ್ ಸೈಕಲ್ಲುಗಳಲ್ಲಿ ಗುಡ್ಡದಿಂದ ಇಳಿಯುತ್ತಿದ್ದಾಗ, ಜೋ ಬ್ರೀಜ್ 1977ರಲ್ಲಿ ಆ ಕೆಲಸಕ್ಕೆಂದೇ ಹೊಸ ಫ್ರೇಮುಗಳನ್ನು ಕಟ್ಟಲು ಶುರು ಮಾಡಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಮಾರುಕಟ್ಟೆಗೆ ಬಂದು ಮೌಂಟನ್ ಬೈಕ್ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಆ ಮೊದಲ ತಲೆಮಾರಿನ ಬೈಕುಗಳಲ್ಲಿ ಮೇಲಿನ ಬಾರ್ ನೆಲಕ್ಕೆ ಸಮಾನಾಂತರ, ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕ್ ಹೆಚ್ಚು ಓರೆ, ಚಕ್ರಗಳ ನಡುವಿನ ಅಂತರ ಉದ್ದ. 1980ರ ದಶಕದ ಕೊನೆಯ ಹೊತ್ತಿಗೆ ಹೆಡ್ ಟ್ಯೂಬ್ (ಫೋರ್ಕಿನ ಮೇಲ್ಭಾಗ ಹಾದುಹೋಗುವ ಮುಂದಿನ ಗಿಡ್ಡ ಕೊಳವೆ) 71 ಡಿಗ್ರಿ, ಸೀಟ್ ಟ್ಯೂಬ್ 73 ಡಿಗ್ರಿ ಎಂಬ ಚುರುಕಾದ ವಿನ್ಯಾಸ ನೆಲೆಯೂರಿತು. ಫೋರ್ಕಿನಿಂದ ಮುಂದಕ್ಕೆ ಚಾಚಿ ಹ್ಯಾಂಡಲನ್ನು ಹಿಡಿಯುವ ಸ್ಟೆಮ್ ಉದ್ದವಾಯಿತು, ಹ್ಯಾಂಡಲ್ ಕಿರಿದಾಯಿತು. 1990ರ ದಶಕ ಸಾಗಿದಂತೆ ಬಾರ್ ಹಿಂದಕ್ಕೆ ಇಳಿಜಾರಾಗಿ, ಫ್ರೇಮುಗಳು ಗಿಡ್ಡವಾಗಿ, ಸೀಟನ್ನು ಹೊರುವ ಸೀಟ್ ಪಿಲ್ಲರ್‌ಗಳು ಉದ್ದವಾದವು. 1984ರಲ್ಲಿ 20 ಇಂಚಿನ ಫ್ರೇಮ್ ಕೊಂಡಿರಬಹುದಾದ ಸವಾರನೇ 1996ರಲ್ಲಿ 18 ಇಂಚಿನದನ್ನು ಕೊಳ್ಳುತ್ತಿದ್ದ. 0.226ರ ಸೂತ್ರ ಹೊಂದುವುದು ಈ ಎರಡನೆಯ ಕಾಲದ, ಇಳಿಜಾರು ಬಾರಿನ ಫ್ರೇಮುಗಳಿಗೆ.

ಬಾರಿನ ಮೇಲೆ ನಿಂತು ನೋಡುವುದು

ನಮ್ಮಲ್ಲಿ ಸೈಕಲ್ ಸೈಜ್ ನೋಡುವ ವಾಡಿಕೆಯೆಂದರೆ, ಸೀಟಿನ ಮೇಲೆ ಕುಳಿತು ಪಾದ ಪೂರ್ತಿ ನೆಲಕ್ಕೆ ತಾಗುತ್ತದೆಯೇ ಎಂದು ಪರೀಕ್ಷಿಸುವುದು. ಹಾಲಿನ ಕ್ಯಾನು ಹೊತ್ತ ಸೈಕಲ್ಲಿಗೆ ಇದು ಸರಿಯಾದ ಪರೀಕ್ಷೆಯೇ ಇರಬಹುದು, ಆದರೆ ಮೌಂಟನ್ ಬೈಕಿಗೆ ಇದು ದಾರಿ ತಪ್ಪಿಸುತ್ತದೆ. ಕಲ್ಲುಗಳಿಗೆ ಪೆಡಲ್ ತಾಗದಿರಲೆಂದು ಈ ಬೈಕುಗಳ ಬಿಬಿಯನ್ನು ನೆಲದಿಂದ ಸುಮಾರು 29ರಿಂದ 30 ಸೆಂ.ಮೀ. ಎತ್ತರದಲ್ಲಿ ಇಟ್ಟಿರುತ್ತಾರೆ, ಕಾಲು ಸರಿಯಾಗಿ ಚಾಚುವಷ್ಟು ಎತ್ತರದಲ್ಲಿ ಸೀಟಿದ್ದರೆ ಕುಳಿತಾಗ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಪಾದ ಪೂರ್ತಿ ಊರುವ ಮೌಂಟನ್ ಬೈಕ್ ಬೇಕೆಂದು ಹಟ ಹಿಡಿದವರು ಕೊನೆಗೆ ತಮಗೆ ಎರಡು ಸೈಜ್ ಚಿಕ್ಕದಾದ ಫ್ರೇಮನ್ನು ಮನೆಗೆ ತರುತ್ತಾರೆ, ಮತ್ತು ಆರು ತಿಂಗಳಲ್ಲಿ ಮಂಡಿನೋವಿನ ಮಾತು ಶುರುವಾಗುತ್ತದೆ.

ನೋಡಬೇಕಾದದ್ದು ಸೀಟಿನಿಂದ ಇಳಿದು, ಬಾರಿನ ಎರಡೂ ಬದಿಗೆ ಕಾಲಿಟ್ಟು ನಿಂತಾಗ ತೊಡೆಸಂದಿಗೂ ಬಾರಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು. ಸವಾರಿಗೆ ಹಾಕುವ ಶೂಗಳನ್ನೇ ಹಾಕಿಕೊಂಡು, ಸೀಟಿನ ಮೂಗಿನಿಂದ ಐದಾರು ಸೆಂಟಿಮೀಟರ್ ಮುಂದೆ ನಿಂತು, ಹ್ಯಾಂಡಲ್ ಮತ್ತು ಸೀಟನ್ನು ಹಿಡಿದು ಇಡೀ ಬೈಕನ್ನು ಮೇಲಕ್ಕೆತ್ತಿ, ಬಾರ್ ಮೈಗೆ ತಾಗುವಷ್ಟರಲ್ಲಿ ಚಕ್ರಗಳು ನೆಲದಿಂದ ಎಷ್ಟು ಮೇಲೇಳುತ್ತವೆ ಎಂದು ಇನ್ನೊಬ್ಬರಿಂದ ಅಳೆಸಿ. ಬರೀ ಡಾಂಬರು ರಸ್ತೆಗಾದರೆ 3 ಸೆಂ.ಮೀ. ಸಾಕು. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೋ, ಪಾಂಡವಪುರದ ಕುಂತಿ ಬೆಟ್ಟದ ಸುತ್ತಲಿನ ಕಲ್ಲುದಾರಿಯಲ್ಲೋ ಓಡಿಸುವವರಿಗೆ ಕನಿಷ್ಠ 5, ಸಾಧ್ಯವಾದರೆ 7 ಸೆಂ.ಮೀ. ಇರಲೇಬೇಕು. ಏರಿಯ ಅಂಚಿನಲ್ಲಿ ಥಟ್ಟನೆ ನಿಲ್ಲಿಸಬೇಕಾಗಿ ಬಂದಾಗ ಒಂದು ಕಾಲು ಇನ್ನೊಂದಕ್ಕಿಂತ ಗೇಣುದ್ದ ಕೆಳಗೆ ಹೋಗುತ್ತದೆ. ಆಗ ಈ ಜಾಗ ಏಕೆ ಬೇಕೆಂಬುದನ್ನು ಯಾರೂ ವಿವರಿಸಿ ಹೇಳಬೇಕಾಗುವುದಿಲ್ಲ.

ಬೈಕು ಎದುರಿಗೆ ಇಲ್ಲದಿದ್ದರೂ ಅಂದಾಜು ಮಾಡಬಹುದು. ಸಮಾನಾಂತರ ಬಾರಿನ 20 ಇಂಚಿನ ಫ್ರೇಮ್ ಎಂದರೆ 50.8 ಸೆಂ.ಮೀ.; ಸೀಟ್ ಟ್ಯೂಬ್ 73 ಡಿಗ್ರಿ ಓರೆಯಾಗಿರುವುದರಿಂದ ಅದರ ನೇರ ಎತ್ತರ ಸುಮಾರು 48.6, ಅದಕ್ಕೆ ಬಿಬಿ ಎತ್ತರದ 29.5 ಸೇರಿಸಿದರೆ ಬಾರ್ ನೆಲದಿಂದ 78 ಸೆಂ.ಮೀ. ಮೇಲಿರುತ್ತದೆ. ನಮ್ಮ ಉದಾಹರಣೆಯ ಸವಾರರ ಒಳಗಾಲಿನ ಉದ್ದವೂ ಅಷ್ಟೇ; ಶೂ ಕೊಡುವ ಒಂದೆರಡು ಸೆಂಟಿಮೀಟರ್ ಬಿಟ್ಟರೆ ಅವರಿಗೆ ಜಾಗವೇ ಉಳಿಯುವುದಿಲ್ಲ. ಅದೇ ಲೆಕ್ಕದಲ್ಲಿ 18 ಇಂಚಿನ ಫ್ರೇಮಿನ ಬಾರ್ 73 ಸೆಂ.ಮೀ. ಎತ್ತರಕ್ಕೆ ಬಂದು, ಶೂ ಸೇರಿ ಸುಮಾರು 6 ಸೆಂ.ಮೀ. ಜಾಗ ಸಿಗುತ್ತದೆ. ಮಾರುವವರು ದಪ್ಪ ಟೈರ್ ತೆಗೆದು ತೆಳ್ಳನೆಯದು ಹಾಕಿದ್ದರೆ ಬೈಕು ಒಂದು ಸೆಂಟಿಮೀಟರಿಗೂ ಹೆಚ್ಚು ತಗ್ಗಿರುತ್ತದೆ; ನೀವು ಮತ್ತೆ 2.1 ಇಂಚಿನ ಟೈರ್ ಹಾಕುವವರಾದರೆ ಅದನ್ನೂ ಕಳೆಯಿರಿ.

ಉದ್ದ: ನಿಜವಾದ ಪರೀಕ್ಷೆ ಇಲ್ಲಿದೆ

ಹೆಡ್ ಟ್ಯೂಬಿನ ಮೇಲ್ತುದಿಯ ಮಧ್ಯಕ್ಕೆ ದಾರವೊಂದನ್ನು ಹಿಡಿದು, ರಸಮಟ್ಟದ ಸಹಾಯದಿಂದ ನೆಲಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಎಳೆದು, ಅದು ಸೀಟ್ ಪಿಲ್ಲರಿನ ಮಧ್ಯವನ್ನು ಸಂಧಿಸುವವರೆಗಿನ ದೂರವನ್ನು ಅಳೆಯಿರಿ. ಬಾರ್ ಇಳಿಜಾರಾಗಿದ್ದರೂ ದಾರ ಮಾತ್ರ ಮಟ್ಟವಾಗಿರಬೇಕು. ಬಾರಿನ ಜೊತೆಗೇ ಟೇಪು ಇಟ್ಟು ಅಳೆದರೆ ಕಡಿಮೆ ಬರುತ್ತದೆ. ಮೇಲಿನ ಬಾರ್ ಸೀಟ್ ಟ್ಯೂಬನ್ನು ದಾಟಿ ತುಸು ಹಿಂದಕ್ಕೆ ಚಾಚಿರುವ ಜಿ.ಟಿ. ಕಂಪನಿಯ ಫ್ರೇಮುಗಳಲ್ಲಿ ಆ ಚಾಚಿದ ತುದಿಯವರೆಗೆ ಅಳೆಯಬಾರದು. 1990ರ ಆಸುಪಾಸಿನ 16ರಿಂದ 18 ಇಂಚಿನ ಫ್ರೇಮುಗಳಲ್ಲಿ ಈ ಉದ್ದ ಸಾಮಾನ್ಯವಾಗಿ 55ರಿಂದ 58 ಸೆಂ.ಮೀ. ಇರುತ್ತದೆ.

ಇಲ್ಲಿ ಇಂದಿನ ಬೈಕುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದರೆ ಗೊಂದಲವಾಗುತ್ತದೆ. ಈಗಿನ ಮಧ್ಯಮ ಸೈಜಿನ ಮೌಂಟನ್ ಬೈಕಿನಲ್ಲಿ ಇದೇ ದೂರ 60 ಸೆಂ.ಮೀ. ಆಸುಪಾಸಿನಲ್ಲಿರುತ್ತದೆಯಾದರೂ ಸ್ಟೆಮ್ 5 ಸೆಂ.ಮೀ. ಮಾತ್ರ. ಹಳೆಯ ಫ್ರೇಮು ಗಿಡ್ಡ, ಆದರೆ ಅದಕ್ಕೆ ಹಾಕಿದ್ದ ಸ್ಟೆಮ್ 12ರಿಂದ 15 ಸೆಂ.ಮೀ. ಉದ್ದದ್ದು. ಎರಡನ್ನೂ ಕೂಡಿಸಿದರೆ ಹಳೆಯ ಬೈಕಿನ ಸವಾರ ಹೆಚ್ಚು ಬಾಗುತ್ತಿದ್ದ. ಅದರ ಜೊತೆಗೆ ಹ್ಯಾಂಡಲ್ 56ರಿಂದ 60 ಸೆಂ.ಮೀ. ಅಗಲವಷ್ಟೇ ಇತ್ತು. ಅದು ರೇಸಿನ ಭಂಗಿ. ಬೆಳಗಿನ ಹೊತ್ತು ಚಾಮುಂಡಿ ಬೆಟ್ಟ ಹತ್ತಿಳಿಯುವ, ಭಾನುವಾರ ಕರಿಘಟ್ಟದವರೆಗೆ ಹೋಗಿಬರುವ ನಲವತ್ತು ದಾಟಿದವರಿಗೆ ಆ ಭಂಗಿ ಒಗ್ಗಬೇಕೆಂದಿಲ್ಲ.

ಆದ್ದರಿಂದ ಬಾರಿನ ಉದ್ದಕ್ಕೆ ಸ್ಟೆಮ್ಮಿನ ಉದ್ದವನ್ನು ಕೂಡಿಸಿ ಮೊತ್ತವನ್ನು ಬರೆದಿಟ್ಟುಕೊಳ್ಳಿ. ಈಗ ನಿಮ್ಮ ಬಳಿ ಇರುವ, ಮೈಗೆ ಒಗ್ಗಿದ ನೇರ ಹ್ಯಾಂಡಲಿನ ಸೈಕಲ್ ಯಾವುದಾದರೂ ಇದ್ದರೆ ಅದರ ಮೊತ್ತವನ್ನೂ ಅದೇ ರೀತಿ ಅಳೆಯಿರಿ. ಯಾವ ಸೂತ್ರಕ್ಕಿಂತಲೂ ಇದು ನಂಬಬಹುದಾದ ಹೋಲಿಕೆ. ಎರಡರ ನಡುವೆ ಎರಡು ಮೂರು ಸೆಂಟಿಮೀಟರ್ ಅಂತರವಿದ್ದರೆ ಸ್ಟೆಮ್ ಬದಲಾಯಿಸಿ ಸರಿಪಡಿಸಬಹುದು. ಐದಾರು ಸೆಂಟಿಮೀಟರ್ ಇದ್ದರೆ ಆ ಫ್ರೇಮು ನಿಮ್ಮದಲ್ಲ: 71 ಡಿಗ್ರಿಯ ಹಳೆಯ ಫ್ರೇಮಿಗೆ ತೀರಾ ಗಿಡ್ಡ ಸ್ಟೆಮ್ ಹಾಕಿದರೆ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಹ್ಯಾಂಡಲ್ ಅಳ್ಳಕವಾಗಿ ತಿರುಗತೊಡಗುತ್ತದೆ, ಏರಿನಲ್ಲಿ ಚಕ್ರ ಮೇಲೇಳುತ್ತದೆ. ಸೀಟನ್ನು ಮುಂದಕ್ಕೆ ಜರುಗಿಸಿ ಉದ್ದ ಕಡಿಮೆ ಮಾಡುವ ಉಪಾಯವನ್ನು ಮೆಕ್ಯಾನಿಕ್‌ಗಳು ಸೂಚಿಸುವುದುಂಟು. ಅದನ್ನು ನಾನು ಒಪ್ಪುವುದಿಲ್ಲ. ಸೀಟಿನ ಮುಂದು ಹಿಂದು ಇರುವುದು ಮಂಡಿಗೂ ಪೆಡಲಿಗೂ ಹೊಂದಿಸುವುದಕ್ಕೆ, ಕೈಗೆ ಹೊಂದಿಸುವುದಕ್ಕಲ್ಲ.

ಸ್ಟೆಮ್ ಬದಲಾಯಿಸುವ ಮಾತು ಸುಲಭ, ಸಿಗುವುದು ಅಷ್ಟು ಸುಲಭವಲ್ಲ. ಫೋರ್ಕಿನ ಒಳಗೆ ಇಳಿಯುವ ಹಳೆಯ ಮಾದರಿಯ ಸ್ಟೆಮ್‌ಗಳಲ್ಲಿ 1 ಇಂಚಿನ ಫೋರ್ಕಿಗೆ 22.2 ಮಿ.ಮೀ., ಒಂದು ಇಂಚು ಮತ್ತು ಎಂಟನೇ ಒಂದರಷ್ಟು ದಪ್ಪದ ಫೋರ್ಕಿಗೆ 25.4 ಮಿ.ಮೀ. ವ್ಯಾಸದ್ದು ಬೇಕು, ಹ್ಯಾಂಡಲನ್ನು ಹಿಡಿಯುವ ಕಡೆ ಸಾಮಾನ್ಯವಾಗಿ 25.4 ಮಿ.ಮೀ. ಇರುತ್ತದೆ. ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದೇ ತರಿಸಿ.

ಐದಡಿ ಎರಡು ಇಂಚಿಗಿಂತ ಕಡಿಮೆ ಎತ್ತರದವರು ಇನ್ನೊಂದು ಮಾತನ್ನು ಗಮನಿಸಬೇಕು. ಚಕ್ರ 26 ಇಂಚಿನದೇ ಆಗಿರುವುದರಿಂದ, 14 ಅಥವಾ 15 ಇಂಚಿನ ಫ್ರೇಮಿನಲ್ಲಿ ಸೀಟ್ ಟ್ಯೂಬನ್ನು ಎಷ್ಟು ಗಿಡ್ಡ ಮಾಡಿದರೂ ಬಾರಿನ ಉದ್ದವನ್ನು ಅದೇ ಪ್ರಮಾಣದಲ್ಲಿ ಇಳಿಸಲು ತಯಾರಕರಿಗೆ ಸಾಧ್ಯವಾಗುತ್ತಿರಲಿಲ್ಲ. ಇಳಿಸಿದರೆ ತಿರುವಿನಲ್ಲಿ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗುತ್ತದೆ. ಹೀಗಾಗಿ ಕಾಲಿಗೆ ಹೊಂದಿದ ಚಿಕ್ಕ ಫ್ರೇಮು ಕೈಗೆ ಉದ್ದವಾಗುವುದು ಸಾಮಾನ್ಯ. ಅಂಥವರು 1990ರ ದಶಕದ ಮಧ್ಯಭಾಗದ ಇಳಿಜಾರು ಬಾರಿನ ಫ್ರೇಮುಗಳನ್ನೇ ಹುಡುಕುವುದು ಲೇಸು.

ಪಿಲ್ಲರ್ ಮತ್ತು ಫೋರ್ಕ್

ಫ್ರೇಮು ಚಿಕ್ಕದಿದ್ದರೆ ಪಿಲ್ಲರ್ ಏರಿಸಿಕೊಂಡರಾಯಿತು ಎನ್ನುವುದಕ್ಕೆ ಮಿತಿಯಿದೆ. ನಮ್ಮ ಸವಾರರ ಸೀಟಿನ ಎತ್ತರ 69 ಸೆಂ.ಮೀ.; 16 ಇಂಚಿನ ಫ್ರೇಮಿನ ಸೀಟ್ ಟ್ಯೂಬ್ ತುದಿಯವರೆಗೆ 40.6, ಸೀಟಿನದೇ ದಪ್ಪ ಐದೂವರೆ ಎಂದು ಕಳೆದರೆ ಪಿಲ್ಲರ್ ಸುಮಾರು 23 ಸೆಂ.ಮೀ. ಹೊರಗಿರಬೇಕು. ಹಳೆಯ 30 ಸೆಂ.ಮೀ. ಪಿಲ್ಲರಿನಲ್ಲಿ ಒಳಗೆ ಉಳಿಯುವುದು 7 ಮಾತ್ರ, ಅಂದರೆ ಇದಕ್ಕಿಂತ ಹೊರಗೆ ಎಳೆಯಬಾರದೆಂದು ಪಿಲ್ಲರ್ ಮೇಲಿರುವ ಮಿತಿಯ ಗುರುತಿನ ಹತ್ತಿರ. 35 ಸೆಂ.ಮೀ. ಪಿಲ್ಲರ್ ಹಾಕಿದರೆ ನಡೆಯುತ್ತದೆ, ಆದರೆ ಪಿಲ್ಲರಿನ ಕೆಳತುದಿ ಮೇಲಿನ ಬಾರ್ ಸೇರುವ ಜಾಗಕ್ಕಿಂತ ಕೆಳಗೆ ಇಳಿದಿರಬೇಕು. ಇಲ್ಲವಾದರೆ ಸವಾರನ ಭಾರಕ್ಕೆ ಸೀಟ್ ಟ್ಯೂಬೇ ಬಿರುಕು ಬಿಡುತ್ತದೆ. ವ್ಯಾಸ 26.4, 26.8, 27.2 ಮಿ.ಮೀ. ಎಂದು ಕೂದಲೆಳೆಯ ವ್ಯತ್ಯಾಸದಲ್ಲಿ ಬರುವುದರಿಂದ, ಹಾಲಿ ಇರುವ ಪಿಲ್ಲರ್ ಮೇಲೆ ಒತ್ತಿರುವ ಅಂಕಿಯನ್ನು ಓದಿಕೊಳ್ಳಿ.

ಫೋರ್ಕ್ ಬದಲಾಗಿದೆಯೇ ಎಂಬುದನ್ನೂ ನೋಡಬೇಕು. ರಾಕ್‌ಶಾಕ್ಸ್ ಕಂಪನಿಯ ಸಸ್ಪೆನ್ಷನ್ ಫೋರ್ಕ್‌ಗಳು 1990ರ ಆಸುಪಾಸಿನಲ್ಲಿ ಹೆಸರು ಮಾಡಿದ ಮೇಲೆ, ಗಟ್ಟಿ ಫೋರ್ಕಿಗೆಂದು ಕಟ್ಟಿದ ಫ್ರೇಮುಗಳಿಗೂ ಜನ ಅವನ್ನು ಹಾಕಿಸಿಕೊಂಡರು. ಫೋರ್ಕ್ 2 ಸೆಂ.ಮೀ. ಉದ್ದವಾದರೆ ಹೆಡ್ ಟ್ಯೂಬ್ ಮತ್ತು ಸೀಟ್ ಟ್ಯೂಬ್ ಎರಡೂ ಸುಮಾರು 1 ಡಿಗ್ರಿ ಹಿಂದಕ್ಕೆ ವಾಲುತ್ತವೆ, ಬಾರಿನ ಮುಂಭಾಗ ಮೇಲೇಳುತ್ತದೆ, ನಿಂತಾಗ ಸಿಗುವ ಜಾಗ ಕುಗ್ಗುತ್ತದೆ. ಹೀಗಿರುವ ಬೈಕಿನಲ್ಲಿ ತೆಗೆದ ಅಳತೆ ಮೂಲ ಫೋರ್ಕ್ ಹಾಕಿದ ದಿನ ಹೊಂದುವುದಿಲ್ಲ.

ಓಡಿಸಿ ನೋಡುವುದು

ಹತ್ತು ನಿಮಿಷ ಬೀದಿಯಲ್ಲಿ ಸುತ್ತಿದರೆ ಯಾವ ಬೈಕೂ ಚೆನ್ನಾಗಿಯೇ ಇರುತ್ತದೆ. ಸೀಟನ್ನು ನಿಮ್ಮ ಲೆಕ್ಕದ ಎತ್ತರಕ್ಕೆ ಏರಿಸಿಕೊಂಡು, ಲಲಿತಮಹಲ್ ಕಡೆಯ ರಸ್ತೆಯಂಥ ಏರು ಇರುವಲ್ಲಿ ಅರ್ಧ ಗಂಟೆಯಾದರೂ ಓಡಿಸಿ. ಅಂಗೈ ಮರಗಟ್ಟಿ ಕತ್ತು ಹಿಡಿಯತೊಡಗಿದರೆ ಬೈಕು ಉದ್ದ. ಎದ್ದು ನಿಂತು ತುಳಿಯುವಾಗ ಮಂಡಿ ಹ್ಯಾಂಡಲಿಗೆ ಸಮೀಪಿಸಿದರೆ, ಕುಳಿತು ಏರುವಾಗ ಮುಂದಿನ ಚಕ್ರ ದಾರಿ ಬಿಟ್ಟು ಅಲೆದರೆ ಬೈಕು ಗಿಡ್ಡ. ನಿಧಾನವಾಗಿ ಹ್ಯಾಂಡಲನ್ನು ಪೂರ್ತಿ ತಿರುಗಿಸಿ ಕಾಲ್ಬೆರಳು ಚಕ್ರಕ್ಕೆ ತಾಗುತ್ತದೆಯೇ ಎಂದೂ ನೋಡಿ.

ಎರಡು ಸೈಜುಗಳ ನಡುವೆ ಸಿಕ್ಕಿಕೊಂಡವರು ಮಣ್ಣಿನ ದಾರಿಗಾದರೆ ಚಿಕ್ಕದನ್ನು, ರಸ್ತೆಯಲ್ಲಿ ದೂರ ಹೋಗುವುದಕ್ಕಾದರೆ ಬಾರಿನ ಮೇಲೆ ಸಾಕಷ್ಟು ಜಾಗ ಉಳಿಯುತ್ತದೆ ಎಂಬ ಷರತ್ತಿನ ಮೇಲೆ ದೊಡ್ಡದನ್ನು ಆರಿಸಿಕೊಳ್ಳಬಹುದು. ಯಾವುದನ್ನು ಆರಿಸಿದರೂ ಹಣ ಎಣಿಸುವ ಮುನ್ನ ಸೀಟ್ ಪಿಲ್ಲರ್ ಮತ್ತು ಸ್ಟೆಮ್ ಎರಡನ್ನೂ ನಿಮ್ಮೆದುರಿಗೇ ಸಡಿಲಿಸಿ, ಎತ್ತಿ ಇಳಿಸಿ ತೋರಿಸಲು ಹೇಳಿ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಪಿಲ್ಲರ್ ವರ್ಷಗಟ್ಟಲೆ ಅಲುಗದೆ ಕುಳಿತರೆ ಕಚ್ಚಿಕೊಂಡುಬಿಡುತ್ತದೆ, ಮತ್ತು ಅದನ್ನು ಬಿಡಿಸುವ ಕೂಲಿ ಕೆಲವೊಮ್ಮೆ ಫ್ರೇಮಿನ ಬೆಲೆಯನ್ನೇ ಮೀರುತ್ತದೆ. ಪಿಲ್ಲರ್ ಅಲುಗದಿದ್ದರೆ ಸೀಟು ಈಗಿರುವ ಎತ್ತರವೇ ಆ ಬೈಕಿನ ಸೈಜ್ ಎಂದು ತಿಳಿದು, ಅದು ನಿಮ್ಮ ಲೆಕ್ಕಕ್ಕೆ ಹೊಂದಿದರೆ ಮಾತ್ರ ಮುಂದುವರಿಯಿರಿ.